ದೂರದಿಂದ ತೆಗೆಯುವ ಲೆನ್ಸ್

೧೩ ಜುಲೈ ೨೦೨೫, ಭಾನುವಾರ

ಸಣ್ಣ ಜೀವಿಗಳನ್ನು ದೊಡ್ಡದಾಗಿ ತೆಗೆಯಲು ಯಾವ ಮ್ಯಾಕ್ರೋ ಲೆನ್ಸ್ ಕೊಳ್ಳುವುದು ಎನ್ನುವುದು ಇವತ್ತೂ ಬಗೆಹರಿಯಲಿಲ್ಲ. ಹೋದ ವರ್ಷ ಚಿತ್ರ ತೆಗೆಯುವಾಗ ನನಗೆ ಕೊಳಕುಮಂಡಲ ಹಾವು ಕಚ್ಚಿದಾಗಿನಿಂದ ಅಮ್ಮನದು ಒಂದೇ ಮಾತು: "ದೂರದಿಂದ ತೆಗೆಯೋ ಹಾಗಿದ್ರೆ ಹೋಗು, ಇಲ್ದಿದ್ರೆ ಆ ಕ್ಯಾಮೆರಾ ಮಾರ್ಬುಡು."

ಬೆಳಿಗ್ಗೆ ಇಲವಾಲದ ಗದ್ದೆ ಬದುವಿನಲ್ಲಿ ಗೆಳೆಯ ವಾಗೀಶ ತನ್ನ ಎರಡೂ ಲೆನ್ಸ್ ಹಾಕಿ ನೋಡಲು ಕೊಟ್ಟ. ಚಿಕ್ಕದು ಹಗುರ, ಆದರೆ ಓತಿಕ್ಯಾತದ ಮೂತಿಯ ಹತ್ತಿರಕ್ಕೇ ಹೋಗಬೇಕು. ದೊಡ್ಡದು ದೂರದಿಂದಲೇ ಅದರ ಕಣ್ಣನ್ನು ಚಿತ್ರದ ತುಂಬಾ ತೋರಿಸುತ್ತದೆ, ಆದರೆ ಕಲ್ಲಿನಷ್ಟು ಭಾರ. ಸ್ಟ್ಯಾಂಡ್ ಹೂಡುವಷ್ಟರಲ್ಲಿ ಓತಿಕ್ಯಾತ ಓಡಿರುತ್ತದೆ. ಹಾವು ಕಚ್ಚಿದ ಬಲಗೈ ನಡುಗಿ ಒಂದು ಚಿತ್ರವೂ ನೆಟ್ಟಗೆ ಬರಲಿಲ್ಲ.

"ಇನ್ನೂ ವಾಸಿಯಾಗಿಲ್ವಾ? ಮನೇಲಿ ಹೇಳಿದ್ದೀಯಾ?" ಅಂದ.

ಹೇಗೆ ಹೇಳಲಿ? ಹೇಳಿದರೆ ಹೊರಗೆ ಕಾಲಿಡುವುದೇ ನಿಲ್ಲುತ್ತದೆ. ಹೇಳದಿದ್ದರೆ ಎತ್ತಲಾಗದ ಲೆನ್ಸೇ ಗತಿ.

ಊಟಕ್ಕೆ ಕೂತಾಗ ಅಮ್ಮ ಮತ್ತೆ ಕೇಳಿದಳು. "ದೂರದ್ದೇ ತಗೋತೀನಿ ಕಣಮ್ಮ" ಅಂದುಬಿಟ್ಟೆ. ಎಷ್ಟೋ ದಿನದ ಮೇಲೆ ಅವಳು ನಕ್ಕಳು.

"ನಾಳೆ ಅಂಗಡಿಗೆ ನಾನೂ ಬರ್ತೀನಿ. ಎಷ್ಟು ದೂರದಿಂದ ಕಾಣ್ಸುತ್ತೆ ಅಂತ ನೀನೇ ಹಿಡ್ದು ತೋರ್ಸು" ಅಂದಳು.

ಅವಳ ಕಣ್ಣೆದುರೇ ಅದನ್ನು ಎತ್ತಬೇಕು. ಎಡಗೈಯನ್ನು ಲೆನ್ಸಿನ ಕೆಳಗೆ ಆನಿಸಿಕೊಂಡರೆ, ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡರೆ, ಒಂದು ನಿಮಿಷವಾದರೂ ಅಲುಗದೆ ಹಿಡಿದು ತೋರಿಸಬಹುದೇನೋ.