ಸಾಹೇಬರು ನಿಜವಾಗಿ ಹೇಳಿದ್ದು

ನಾಗಣಸೂರದ ನನ್ನ ರತ್ನಾ ಚಿಗವ್ವನಿಗೆ, ಸೊಲ್ಲಾಪುರದಿಂದ ಮಯೂರಿ ಕಾಲಿಗೆ ಬಿದ್ದು ಬರೆಯುವುದು.

ಅಕ್ಕಲಕೋಟದ ಕಾಲೇಜಿನಲ್ಲಿ ನನ್ನ ಪದವಿ ಸಮಾರಂಭದ ದಿನ ಭಾಷಣಕ್ಕೆ ಬಂದ ಸಾಹೇಬರು ಹೇಳಿದ "ಮಾತು ಬಿಡಬೇಡಿ" ಎಂಬ ಬುದ್ಧಿಮಾತನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕಳಿಸು, ಗೋಡೆಗೆ ಹಚ್ಚುತ್ತೇನೆ ಎಂದು ನೀನು ಕೇಳಿ ಎಂಟು ದಿನವಾಯಿತು. ಮೂರು ಹಾಳೆ ಹರಿದು ಒಗೆದೆ. ಮರಾಠಿ ಸಾಲಿಯಲ್ಲಿ ಕಲಿತ ಹುಡುಗಿ, ಒತ್ತಕ್ಷರಕ್ಕೆ ಹೆದರಿದಳು ಅಂದುಕೊಳ್ಳಬೇಡ. ಅವರು ಹಾಗೆ ಹೇಳಲೇ ಇಲ್ಲ, ಚಿಗವ್ವ!

ಅವರು ಹೇಳಿದ್ದು "ಮಾತೀ ಸೋಡೂ ನಕಾ" ಎಂದು. ಮರಾಠಿಯಲ್ಲಿ ಮಾತೀ ಎಂದರೆ ಮಣ್ಣು. ಓದಿದವರು ಊರ ಮಣ್ಣು ಬಿಡಬೇಡಿ ಎಂದು ಅರ್ಧ ತಾಸು ಕೊರೆದರು. ನನ್ನ ಗೆಳತಿ ಪೂನಮ ಕೂತಲ್ಲೇ ನಿದ್ದೆ ಹೋದಳು. ಹೊರಳಿ ನೋಡಿದರೆ ಹಿಂದಿನ ಸಾಲಿನಲ್ಲಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹೊರಗೆ ಬಂದವಳೇ, ಗೇಟಿನ ಹತ್ತಿರ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಿಂತಿದ್ದ ನಿನ್ನ ಕಡೆ ನೆಟ್ಟಗೆ ನಡೆದಳು. "ರತ್ನಿ, ಊಟ ಆತೇನ? ಮಾತ ಬಿಡಬ್ಯಾಡ್ರಿ ಅಂತ ಸಾಹೇಬ್ರು ಹೇಳ್ಯಾರ" ಅಂದಳು. ಅಜ್ಜಿ ಸಾಯುವಾಗ ನೀನು ಹೊತ್ತಿಗೆ ಸರಿಯಾಗಿ ಹೇಳಿಕಳಿಸಲಿಲ್ಲ ಎಂದು ಆರು ವರ್ಷ ನಿನ್ನ ಹೆಸರೆತ್ತದವಳು! ನೀವಿಬ್ಬರೂ ತಬ್ಬಿಕೊಂಡು ಅಳುತ್ತಿದ್ದಿರಿ, ನಾನು ಕರಿ ಗೌನಿನಲ್ಲಿ ಬಾಯಿ ತೆರೆದು ನಿಂತಿದ್ದೆ.

ನಿಜ ಹೇಳಿದರೆ ಕೂಡಿದ್ದು ಮತ್ತೆ ಹರಿದೀತೇ? ಹೇಳದಿದ್ದರೆ ನಿನ್ನ ಗೋಡೆಗೆ ಸುಳ್ಳು ಹಚ್ಚಿದಂತಾಗುತ್ತದೆ. ತಲೆ ಕೆಟ್ಟು ನಿನ್ನೆ ಅವ್ವನಿಗೇ ಹೇಳಿಬಿಟ್ಟೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಇಪ್ಪತ್ತ ವರ್ಷ ನವಿ ಪೇಠದಾಗ ಮರಾಠಿ ಮಾತಾಡಿ ಸೀರಿ ಮಾರೀನಿ. ಮಾತೀ ಅಂದ್ರ ಮಣ್ಣು ಅಂತ ನನಗ ನೀ ಕಲಸ್ತಿಯೇನ? ನಾನಾಗೇ ಹೋಗಿ ಮಾತಾಡಸಾಕ ನಾಚ್ಕಿ ಬರ್ತಿತ್ತು. ರತ್ನಿಗೆ ಹೇಳಬ್ಯಾಡ ಮತ್ತ" ಅಂದಳು.

ಇದು ಖರೆಯೋ, ತಪ್ಪು ಕೇಳಿಸಿಕೊಂಡದ್ದನ್ನು ಮುಚ್ಚಿಕೊಳ್ಳಲು ಹೂಡಿದ ಆಟವೋ, ದೇವರಾಣೆ ನನಗೆ ತಿಳಿಯದು. ಬೇಡವೆಂದರೂ ಬರೆಯುತ್ತಿದ್ದೇನೆ. ನೀನು ಎಂಟು ದಿನದಿಂದ ಯಾರೋ ಸಾಹೇಬರಿಗೆ ಕೈ ಮುಗಿಯುತ್ತಿದ್ದೀಯಲ್ಲ, ಅದು ನನಗೆ ತಡೆಯಲಾಗುತ್ತಿಲ್ಲ. ನಿನ್ನ ಅಕ್ಕನಿಗೆ ನೀನು ಬೇಕಾಗಿದ್ದೆ, ಅಷ್ಟೇ.

ನೀನೂ ಕಾಕಾನೂ ನೂರು ಕಾಲ ತಣ್ಣಗಿರಿ. ಕಾಗದ ಓದಿ ಒಲೆಗೆ ಹಾಕು. ಅವ್ವನಿಗೆ ಗೊತ್ತಾದರೆ ಈ ಸಲ ನನ್ನ ಜೊತೆ ಮಾತು ಬಿಟ್ಟಾಳು.

ನಿನ್ನ ಮಗಳೇ ಆದ,
ಮಯೂರಿ