ಜೈಲಿನ ಅಂಗಳದಿಂದ ದ್ರುಸಿಲ್ಲಾಳನ್ನು ಬಿಟ್ಟುಕೊಡಿ

ಮಾನ್ಯರೇ,

ನಿಮ್ಮ ಕಾಂಕ್ರೀಟ್ ಲಾರಿ ಬರುವುದಕ್ಕೆ ಮೊದಲು ನನ್ನ ಮುತ್ತಜ್ಜಿಯನ್ನು ನೆಲದಿಂದ ತೆಗೆದು ನಮಗೆ ಕೊಡಿ. ವಿಷಯ ಇಷ್ಟೇ. ಮೂರು ಅರ್ಜಿಗಳಲ್ಲಿ ಇದನ್ನೇ ವಿನಯದಿಂದ ಬರೆದಿದ್ದೆ. ವಿನಯಕ್ಕೆ ತಮ್ಮ ಕಚೇರಿಯ ಮೆಟ್ಟಿಲು ಹತ್ತಲು ಆಗಲಿಲ್ಲವಾದ್ದರಿಂದ ಈಗ ಪತ್ರಿಕೆಯಲ್ಲಿ ಎಲ್ಲರ ಎದುರು ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಸ್ವಲ್ಪವೇ ಮಾಡಿಕೊಳ್ಳಿ, ನನಗೆ ಮೊದಲೇ ಎದೆ ಹೊಡೆದುಕೊಳ್ಳುವ ಕಾಯಿಲೆ.

ನಮ್ಮ ಗಯಾನಾದ ನ್ಯೂ ಡೆಲ್ಫ್ಟ್ ಊರಿನ ಹಳೆಯ ಜೈಲನ್ನು ಪ್ರವಾಸೋದ್ಯಮ ಇಲಾಖೆಯವರಾದ ತಾವು ಪ್ರವಾಸಿಗರಿಗೆ ತಕ್ಕಂತೆ ಅಭಿವೃದ್ಧಿಪಡಿಸುತ್ತಿದ್ದೀರಿ. ಬಹಳ ಸಂತೋಷ. ಗೋಡೆಗೆ ಗುಲಾಬಿ ಬಣ್ಣ ಬಂತು. ನೇಣಿನ ಕೋಣೆಗೆ ಫ್ಯಾನ್ ಬಂತು, ಅಲ್ಲಿಗೆ ಹೋದವರಿಗೆ ಸೆಕೆಯಾಗಬಾರದಲ್ಲ! ಮುಂದಿನ ತಿಂಗಳ ಹನ್ನೆರಡಕ್ಕೆ ಹಿಂದಿನ ಅಂಗಳಕ್ಕೆ ಕಾಂಕ್ರೀಟ್ ಹಾಸಿ, ಛತ್ರಿ ನೆಟ್ಟು, ಕುರ್ಚಿ ಹಾಕಿ, ‘ದ್ರುಸಿಲ್ಲಾ ಪಂಚ್’ ಎಂಬ ರಮ್ ಪಾನೀಯ ಮಾರುವುದಾಗಿ ಬಾಗಿಲಲ್ಲೇ ಫಲಕ ಹಾಕಿದ್ದೀರಿ. ಅದೇ ಅಂಗಳದಲ್ಲಿ, ಪೂರ್ವದ ಗೋಡೆಯಿಂದ ನಾಲ್ಕು ಹೆಜ್ಜೆ ಈಚೆ, ದ್ರುಸಿಲ್ಲಾ ಹೈಂಡ್ಸ್ ಖುದ್ದಾಗಿ ಮಲಗಿದ್ದಾಳೆ. ಜಾಗ ನಾನು ಹೇಳಿದ್ದಲ್ಲ, ಜೈಲಿನ ದಫ್ತರ ಹೇಳಿದ್ದು. ಗಂಡನನ್ನು ಕೊಂದಳೆಂದು 1911ರಲ್ಲಿ ಅವಳನ್ನು ಆ ಜೈಲಿನಲ್ಲೇ ನೇಣಿಗೆ ಹಾಕಿ ಅಂಗಳದಲ್ಲೇ ಹೂತರು. ಅವಳ ಎದೆಯ ಮೇಲೆ ಕುರ್ಚಿ ಹಾಕಿ ಕೂತು ಅವಳ ಹೆಸರಿನದ್ದನ್ನೇ ಕುಡಿಯುವವರಿಗೆ ಅದು ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಯೋಚಿಸಿ ಯೋಚಿಸಿ ನನಗೇ ಬಿಕ್ಕಳಿಕೆ ಬರುತ್ತಿದೆ.

ಮೂರನೆಯ ಅರ್ಜಿ ಹಿಡಿದು ಬಂದಾಗ ತಮ್ಮ ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು.

“ಆಂಟೀ, ನೀವು ಅವಳ ಮರಿಮೊಮ್ಮಗಳು ಅನ್ನೋದಕ್ಕೆ ದಾಖಲೆ ಏನಿದೆ?”

“ದಾಖಲೆ ಯಾಕಪ್ಪಾ? ನಿಮ್ಮ ಗೈಡು ದಿನಾ ಗೇಟಿನ ಹತ್ರ ನಿಂತ್ಕೊಂಡು, ‘ಅಗೋ, ಆ ರೊಟ್ಟಿ ಮಾರೋ ಹೆಂಗಸು ಅದೇ ವಂಶದ್ದು, ಕೊಂಡು ತಿನ್ನೋ ಧೈರ್ಯ ಯಾರಿಗಿದೆ?’ ಅಂತಾನೆ. ಬಂದವರೆಲ್ಲಾ ನನ್ನ ಫೋಟೋ ತೆಗೀತಾರೆ. ಫೋಟೋಗೆ ಆಗೋ ಸಂಬಂಧ ಮೂಳೆಗೆ ಆಗಲ್ವಾ?”

ಅವರು ಕಡತ ತೆಗೆದರು. ತೀರ್ಪಿನಲ್ಲಿ ‘ಜೈಲಿನ ಆವರಣದೊಳಗೇ ಹೂಳತಕ್ಕದ್ದು’ ಎಂದಿದೆಯಂತೆ. ಆ ತೀರ್ಪು ಇನ್ನೂ ರದ್ದಾಗಿಲ್ಲವಂತೆ.

“ತೀರ್ಪು ಯಾರ ಹೆಸರಲ್ಲಿ ಕೊಟ್ರಪ್ಪಾ?”

“ಇಂಗ್ಲೆಂಡಿನ ರಾಜರ ಹೆಸರಲ್ಲಿ.”

“ಅವರೆಲ್ಲಿ?”

“ತೀರ್ಕೊಂಡ್ರು.”

“ಅವರ ಬಾವುಟ?”

“ಸ್ವಾತಂತ್ರ್ಯ ಬಂದಾಗ, ಅರವತ್ತಾರರಲ್ಲೇ ಇಳೀತಲ್ಲಾ ಆಂಟೀ.”

“ಜೈಲು?”

“ಮುಚ್ಚಿ ಇಪ್ಪತ್ತು ವರ್ಷ ಆಯ್ತು.”

“ಅಂದ್ರೆ ರಾಜನೂ ಹೋದ, ಬಾವುಟಾನೂ ಹೋಯ್ತು, ಕೈದಿಗಳೂ ಹೋದ್ರು. ಇವಳೊಬ್ಳೇ ಇನ್ನೂ ಒಳಗಿದ್ದಾಳೆ ಅನ್ನಿ!”

ಗುಮಾಸ್ತರು ನಕ್ಕರು, ಚಹಾ ತರಿಸಿಕೊಟ್ಟರು. ಮನುಷ್ಯ ಒಳ್ಳೆಯವರು, ದಯವಿಟ್ಟು ಈ ಕಾರಣಕ್ಕೆ ಅವರನ್ನು ವರ್ಗ ಮಾಡಬೇಡಿ. ಆದರೆ ತಮ್ಮನ್ನು ಕೇಳುತ್ತೇನೆ. ಕೊಲೆಗೆ ಶಿಕ್ಷೆ ಸಾವು ಎಂದಾದರೆ ಅವಳು ಸತ್ತಳಲ್ಲ? ನೂರು ವರ್ಷಕ್ಕೂ ಮೇಲಾಯಿತು, ಇನ್ನು ಯಾವ ಬಾಕಿ ಶಿಕ್ಷೆ ಅನುಭವಿಸುತ್ತಿದ್ದಾಳೆ? ಇಷ್ಟು ವರ್ಷ ಸದ್ದಿಲ್ಲದೆ ಬಿದ್ದುಕೊಂಡಿದ್ದಕ್ಕೆ ಸನ್ನಡತೆಯ ರಿಯಾಯಿತಿಯಾದರೂ ಬೇಡವೇ?

ಅವಳು ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ನೀವು ಜೈಲಿನೊಳಗೆ ನಿಲ್ಲಿಸಿರುವ ಅವಳ ಮೇಣದ ಬೊಂಬೆಯ ಕೈಯಲ್ಲಿ ತಲೆಬುರುಡೆಯ ಚಿತ್ರವಿರುವ ಕಪ್ಪು ಸೀಸೆ ಇದೆ. ಅಂಥ ಸೀಸೆಯನ್ನು ಅವಳು ಜನ್ಮದಲ್ಲಿ ಕಂಡವಳಲ್ಲ. ನಡೆದದ್ದನ್ನು ಅವಳ ಮಗಳು, ಅಂದರೆ ನನ್ನ ಅಜ್ಜಿ ಏಡಾ, ನನಗೆ ಹೇಳಿದ್ದು ಹೀಗೆ. ಕಹಿ ಮರಗೆಣಸನ್ನು ತುರಿದು ಹಿಂಡಿದರೆ ಬರುವ ಹಸಿ ರಸ ವಿಷ. ಅದನ್ನೇ ಕುದಿಸಿ ಕುದಿಸಿ ಕಪ್ಪಗೆ ಇಳಿಸಿದರೆ ನಾವೆಲ್ಲ ಕ್ರಿಸ್ಮಸ್ಸಿಗೆ ಬೆರಳು ಚೀಪುವ ಮಾಂಸದ ಸಾರಿಗೆ ಅದೇ ಜೀವ. ನಮ್ಮ ನದಿದಂಡೆಯ ಮನೆಗಳಲ್ಲಿ ಹಸಿ ರಸದ ಮಡಕೆಯ ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಒಂದು ಕಲ್ಲು ಇಡುತ್ತೇವೆ. ಪಕ್ಕದಲ್ಲೇ ಹುಳಿ ಬರಿಸಿದ ಗೆಣಸಿನ ಮದ್ಯದ ಮಡಕೆ ಇರುತ್ತದೆ, ಅದಕ್ಕೆ ಬರೀ ಹಲಗೆ. ಕಲ್ಲಿದ್ದರೆ ಮುಟ್ಟಬೇಡ, ಇಲ್ಲದಿದ್ದರೆ ಕುಡಿ. ಅಕ್ಷರ ಬಾರದವರಿಗೂ ಆ ಕಲ್ಲು ಓದಲು ಬರುತ್ತದೆ.

ದ್ರುಸಿಲ್ಲಾಳ ಗಂಡ ಜೆಫ್ತಾ ದೋಣಿಯಲ್ಲಿ ಮರದ ದಿಮ್ಮಿ ಸಾಗಿಸುವವನು. ಹೊಡೆಯುವುದರಲ್ಲಿ ಧಾರಾಳಿ. ಆ ದಿನ ಬೆಳಿಗ್ಗೆ ಅವಳ ಒಂದು ಹಲ್ಲು ಉದುರಿಸಿ ಹೋದವನು ಮಧ್ಯಾಹ್ನ ಬಾಯಾರಿ ಬಂದ. ಎರಡು ಮಡಕೆಯ ಮೇಲೂ ಕಲ್ಲಿರಲಿಲ್ಲ. ಹತ್ತಿರವಿದ್ದುದರಲ್ಲಿ ಸೋರೆಬುರುಡೆ ಅದ್ದಿ ಗಟಗಟ ಕುಡಿದ. ಸಂಜೆಯೊಳಗೆ ಮುಗಿಯಿತು.

ಆರು ವರ್ಷದ ಏಡಾ ತನ್ನ ದೊಡ್ಡಮ್ಮನ ತೊಡೆಯ ಮೇಲೆ ಕೂತು ವಿಚಾರಣೆ ಕೇಳಿದ್ದಳು. ಆ ಮಾತುಗಳನ್ನು ಸಾಯುವವರೆಗೂ ಬಾಯಿಪಾಠ ಒಪ್ಪಿಸುತ್ತಿದ್ದಳು.

“ನೀನೇ ಕುಡಿಸಿದೆಯಾ?” ಎಂದರು ನ್ಯಾಯಾಧೀಶರು.

“ಇಲ್ಲ ದೊರೆ. ಅವನೇ ಮೊಗ್ಕೊಂಡ.”

“ಕಲ್ಲು ಯಾಕಿರಲಿಲ್ಲ? ಮರೆತೆಯೋ, ಬೇಕೆಂದೇ ಬಿಟ್ಟೆಯೋ?”

“ನಂಗೊತ್ತಿಲ್ಲ ದೊರೆ.”

“ಮರ್ತೆ ಅನ್ನೇ, ಪೆದ್ದೀ!” ಎಂದು ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳಂತೆ. ಪೊಲೀಸರು ಏಡಾಳನ್ನು ಬೆಂಚಿನ ಮೇಲೇ ಬಿಟ್ಟು ದೊಡ್ಡಮ್ಮನನ್ನು ಹೊರಗೆ ಹಾಕಿದರು. ನ್ಯಾಯಾಧೀಶರು ಮತ್ತೊಮ್ಮೆ ಕೇಳಿದರು. ದ್ರುಸಿಲ್ಲಾ ಬಹಳ ಹೊತ್ತು ಯೋಚಿಸಿ ಮತ್ತೆ ಅದನ್ನೇ ಹೇಳಿದಳು, ಗೊತ್ತಿಲ್ಲ ಅಂತ. ಗೊತ್ತಿಲ್ಲ ಎನ್ನುವ ಹೆಂಗಸನ್ನು ಏನು ಮಾಡಬೇಕೆಂದು ಅವರ ಪುಸ್ತಕದಲ್ಲಿ ಇರಲಿಲ್ಲವೇನೋ, ನೇಣಿಗೆ ಹಾಕಿದರು.

ಗೊತ್ತಿಲ್ಲ ಎಂಬ ಆ ಮಾತನ್ನು ನಾನೂ ಚಿಕ್ಕಂದಿನಲ್ಲಿ ನಂಬಿರಲಿಲ್ಲ. ಶಾಲೆಯಲ್ಲಿ ಮಕ್ಕಳು “ಇವಳ ಡಬ್ಬಿ ಮುಟ್ಟಬೇಡ್ರೋ, ಸತ್ತೋಗ್ತೀರ!” ಎಂದು ಓಡುವುದನ್ನು ನೋಡಲಾಗದೆ ಮೂರನೇ ತರಗತಿಗೇ ಮನೆಯಲ್ಲಿ ಉಳಿದವಳು ನಾನು. ಮುತ್ತಜ್ಜಿಯ ಮೇಲೆ ನನಗೇ ಸಿಟ್ಟಿತ್ತು. ಮರೆತೆ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅವಳ ಕತ್ತೂ ಉಳಿಯುತ್ತಿತ್ತು, ನನ್ನ ಶಾಲೆಯೂ ಉಳಿಯುತ್ತಿತ್ತು. ಆದರೆ ಕಳೆದ ಈಸ್ಟರ್ ಹಬ್ಬಕ್ಕೆ ನನ್ನ ಗಂಡ ಕ್ಲೆಮೆಂಟ್, ನನಗೊಂದು ಮಾತು ಹೇಳದೆ ಹನ್ನೊಂದು ಜನ ನೆಂಟರನ್ನು ಊಟಕ್ಕೆ ಕರೆದ. ನಾನು ಮುಖ ಊದಿಸಿಕೊಂಡು ಗೆಣಸು ಹಿಂಡುತ್ತಿದ್ದೆ. ತಿರುಗಿ ನೋಡಿದರೆ ಅವನು ಹಸಿ ರಸದ ಮಡಕೆಗೆ ಲೋಟ ಅದ್ದಿ ಎತ್ತಿದ್ದಾನೆ! ನಾನು ಕಿರುಚಿದ್ದಕ್ಕೆ ಹಿತ್ತಾಳೆ ಲೋಟ ಅವನ ಪಾದದ ಮೇಲೆ ಬಿತ್ತು.

“ಕಲ್ಲೆಲ್ಲೇ?” ಎಂದ ಒಂಟಿಕಾಲಲ್ಲಿ ಕುಣಿಯುತ್ತ.

“ಮರ್ತೆ.”

“ಮೂವತ್ತೆಂಟು ವರ್ಷದಿಂದ ದಿನಕ್ಕೆ ಮೂರು ಸಲ ಹೋಗಿ ಆ ಕಲ್ಲು ಮುಟ್ಟಿ ನೋಡೋಳು ನೀನು. ನೆಂಟರು ಬರೋ ದಿನಾನೇ ಮರ್ತ್ಯಾ?”

ಅವನು ತಮಾಷೆಗೆ ಅಂದದ್ದು. ನೆಂಟರ ಮುಂದೆಲ್ಲ ಹೇಳಿಕೊಂಡು ನಗಿಸಿದ, ಮೂರು ವಾರ ಕುಂಟಿದ. ನಾನೂ ನಕ್ಕೆ. ಆದರೆ ಮಾನ್ಯರೇ, ಅಂದಿನಿಂದ ಒಂದೇ ಸಮನೆ ಯೋಚಿಸುತ್ತಿದ್ದೇನೆ. ಮರೆತೆನೇ? ಕಲ್ಲು ಕೈಯಲ್ಲಿ ಎತ್ತಿಕೊಂಡದ್ದು ನೆನಪಿದೆ, ಆಚೆಗಿನದು ನೆನಪಿಲ್ಲ. ಪ್ರಾಣ ಕೊಟ್ಟೇನು ಎನ್ನುವಷ್ಟು ಪ್ರೀತಿಯ ಗಂಡ, ಆ ಕ್ಷಣ ಹಾಳಾಗಿ ಹೋಗಲಿ ಎನ್ನುವಷ್ಟು ಸಿಟ್ಟು. ಕೈ ಯಾವುದರ ಮಾತು ಕೇಳಿತೋ ಕೈಗೇ ಗೊತ್ತು. ನಾನು ಹನ್ನೊಂದು ಜನ ನೆಂಟರಿಗೆ ಹೆದರಿ ‘ಮರ್ತೆ’ ಎಂದುಬಿಟ್ಟೆ. ಅವಳು ನೇಣಿನ ಎದುರು ನಿಂತೂ ಅನ್ನಲಿಲ್ಲ. ಹೇಳಿ, ನಮ್ಮಿಬ್ಬರಲ್ಲಿ ಯಾರ ಮೇಲೆ ಕಾಂಕ್ರೀಟ್ ಹಾಕಬೇಕು?

ಆದ್ದರಿಂದ ನಾನು ಕ್ಷಮಾದಾನ ಕೇಳುತ್ತಿಲ್ಲ. ಪಂಚ್ ಬೇಕಾದರೆ ಮಾರಿಕೊಳ್ಳಿ, ಬೊಂಬೆಯನ್ನೂ ಇಟ್ಟುಕೊಳ್ಳಿ. ಹನ್ನೆರಡನೇ ತಾರೀಖಿನೊಳಗೆ ಪೂರ್ವದ ಗೋಡೆಯ ಬಳಿ ಅಗೆಯಲು ಒಂದು ದಿನದ ಅನುಮತಿ ಕೊಡಿ. ಗುದ್ದಲಿ ನಮ್ಮದು, ಪೆಟ್ಟಿಗೆ ನಮ್ಮದು. ಅವಳನ್ನು ಜೆಫ್ತಾನ ಪಕ್ಕ ಮಲಗಿಸುವುದಿಲ್ಲ. “ಬೇಡಪ್ಪಾ, ಅಲ್ಲೂ ಶುರು ಮಾಡ್ತಾರೆ, ಇಡೀ ಸ್ಮಶಾನಕ್ಕೆ ನಿದ್ದೆ ಇರಲ್ಲ,” ಎಂದು ಕ್ಲೆಮೆಂಟನೂ ಒಪ್ಪಿದ್ದಾನೆ. ಏಡಾಳ ಪಕ್ಕ ಮಲಗಿಸುತ್ತೇವೆ. ನನ್ನ ಅಜ್ಜಿ ಎಪ್ಪತ್ತು ವರ್ಷ, ಪ್ರತಿ ವರ್ಷ ನೇಣಿಗೆ ಹಾಕಿದ ತಾರೀಖಿಗೆ, ನಿಮ್ಮ ಜೈಲಿನ ಗೋಡೆಯ ಹೊರಗೆ ನಿಂತು ಮನೆಯ ಸುದ್ದಿಯನ್ನೆಲ್ಲ ಒಳಗಿನವಳಿಗೆ ಕೂಗಿ ಹೇಳುತ್ತಿದ್ದಳು. ಮಗು ಹುಟ್ಟಿತು ಅಮ್ಮಾ, ಮಾಡು ಸೋರುತ್ತಿದೆ ಅಮ್ಮಾ ಎಂದು. ಇನ್ನಾದರೂ ತಾಯಿ ಮಗಳು ಮೆಲ್ಲಗೆ ಮಾತಾಡಿಕೊಳ್ಳಲಿ.

ಚರ್ಚಿನವರು ಒಪ್ಪಿದ್ದಾರೆ. ಗುಂಡಿ ತೋಡಿಯೂ ಆಗಿದೆ, ಅದೇ ಈಗ ನನ್ನ ಹೊಸ ಚಿಂತೆ. ಮಳೆ ಬಂದು ಅಂಚು ಕುಸಿಯುತ್ತಿದೆ. ನಿನ್ನೆ ಪಾದ್ರಿಗಳ ಮೇಕೆ ಬಿದ್ದಿತ್ತು, ಇವತ್ತು ಪಾದ್ರಿಗಳೇ ಸ್ವಲ್ಪದರಲ್ಲಿ ತಪ್ಪಿಸಿಕೊಂಡರು. ಬೇರೆ ಯಾರಾದರೂ ಬೀಳುವ ಮೊದಲು, ಅದರಲ್ಲಿ ಮಲಗಬೇಕಾದವಳನ್ನು ಕಳಿಸಿಕೊಡಿ.

ಇಂತಿ,
ಗುಂಡಿಗೆ ಹಲಗೆ ಮುಚ್ಚಿ ಕಾವಲು ಕೂತಿರುವ
ಯೂಲಾಲಿ ಸ್ಯಾಂಪ್ಸನ್
ನ್ಯೂ ಡೆಲ್ಫ್ಟ್, ಗಯಾನಾ