ಪರದೆಯ ಸಂದಿಯಿಂದ ಬಂದ ಬೆರಳು

ದವಾಖಾನೆಗಳ ಮೇಲಿನ ಸಾಹೇಬರೇ,

ಸಹಾಯಕಿಯರು ರೋಗಿಯ ರಕ್ತ ತೆಗೆಯಕೂಡದು, ಡಾಕ್ಟರರೇ ತೆಗೆಯಬೇಕು ಎಂಬ ತಮ್ಮ ಹುಕುಂ ನಮ್ಮ ಭಾಲ್ಕಿಯಲ್ಲಿ ಚಾಚೂ ತಪ್ಪದೆ ಜಾರಿಯಾಗಿದೆ. ಅದರಿಂದ ಒಬ್ಬಳು ಸತ್ತಿದ್ದಾಳೆ. ತಮ್ಮ ದಫ್ತರಿನಲ್ಲಿ ಕನ್ನಡ ಬಲ್ಲವರಿಲ್ಲದಿದ್ದರೆ ಯಾರನ್ನಾದರೂ ಕರೆಸಿ ಇದನ್ನು ಓದಿಸಿಕೊಳ್ಳಿ, ಆದರೆ ಪೂರ್ತಿ ಓದಿಸಿಕೊಳ್ಳಿ.

ಸತ್ತವಳು ಖತೀಜಾ ಬೇಗಂ, ನನ್ನ ಗೋಡೆಯಾಚೆಯ ಮನೆಯವಳು. ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಅವಳ ಗಂಡನನ್ನು ಮನೆಯಿಂದ ಎಳೆದೊಯ್ದರು. ತಿರುಗಿ ಬಂದದ್ದು ಹೆಣ. ಎಳೆದೊಯ್ದವರು ಈ ಸೀಮೆಯವರೇ, ಹೇಳಲು ನಾಚಿಕೆಯಾಗುತ್ತದೆ. ಅವಳು ಇದ್ದತ್ತಿಗೆ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಪರಪುರುಷರೆದುರು ಬಾರದೆ ಇರುವ ರಿವಾಜು ಅದು. ಬೇನೆ ಬಿದ್ದರೆ ಡಾಕ್ಟರಿಗೆ ತೋರಿಸಲು ಅಡ್ಡಿಯಿಲ್ಲವೆಂದು ಮಸೀದಿಯ ಹಿರಿಯರೇ ಹೇಳಿದರು. ಆದರೆ ಬೂಟಿನ ಸಪ್ಪಳ ಕೇಳಿದರೆ ಮೂಲೆ ಸೇರುವ ಹೆಣ್ಣಿಗೆ ಯಾರ ಅಪ್ಪಣೆ ಧೈರ್ಯ ಕೊಟ್ಟೀತು?

ಅವಳಿಗೆ ಚಳಿಜ್ವರ ಬಂತು. ಮೊದಲು ಇಂಥ ಮನೆಗಳಿಗೆ ಸಹಾಯಕಿ ಪುತಳಾಬಾಯಿ ಹೋಗಿ, ಒಳಗೇ ಕೂತು, ಬೆರಳು ಚುಚ್ಚಿ ಗಾಜಿನ ಮೇಲೆ ಹನಿ ರಕ್ತ ತರುತ್ತಿದ್ದಳು. ಈ ಸಲ ಕೈ ಮುಗಿದಳು. "ಸೂಜಿ ಮುಟ್ಟಿದ್ರ ನೌಕರಿ ಹೋಗ್ತದ್ರಿ ಅಣ್ಣಾ. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಡಾಕ್ಟರರೇ ಬಂದರು. ನಾನೂ ಜೊತೆಗೆ ಹೋಗಿ ಪರದೆಯ ಈಚೆ ನಿಂತೆ. ಸಂದಿಯಿಂದ ಒಂದು ಬೆರಳು ಹೊರಬಂತು. ಚುಚ್ಚಿ ರಕ್ತ ಒಯ್ದರು. ಮಲೇರಿಯಾ ಇಲ್ಲ, ವಿಷಮಶೀತ ಜ್ವರವೇ ಇರಬೇಕು ಎಂದು ಗಂಜಿನೀರು ಹೇಳಿದರು. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ದವಾಖಾನೆಯ ಕಪಾಟಿನಲ್ಲೇ ಇತ್ತು, ಖತೀಜಾ ಸತ್ತಳು.

ಮಣ್ಣು ಮಾಡಿ ಬಂದ ಮೇಲೆ ಅವಳ ನಾದಿನಿ ಕುಬರಾ ನನ್ನ ಹೆಂಡತಿಯೆದುರು ಬಾಯಿಬಿಟ್ಟಳು. ಆ ಬೆರಳು ಕುಬರಾಳದು! "ಭಾಬಿ ಗಡಗಡ ನಡಗಲಾಕತ್ತಿದ್ಳು ಅಕ್ಕಾ, ಕೈ ಹೊರಗ ಹಾಕಲೇ ಇಲ್ಲ. ಒಂದೇ ಮನಿ, ಒಂದೇ ಒಲಿ. ರಕ್ತ ಬ್ಯಾರೆ ಇರ್ತದಂತ ನನಗೇನ್ ಗೊತ್ರಿ? ನಾನೇ ಕೊಂದ್ನೇನ್ರಿ?"

ಉತ್ತರ ಕೊಡಿ ಸಾಹೇಬರೇ, ಅವಳೇ ಕೊಂದಳೇ? ಎಲ್ಲಿಯೋ ಒಬ್ಬ ಸಹಾಯಕಿ ಕಾಯಿಸದ ಸೂಜಿ ಚುಚ್ಚಿ ರೋಗಿಯ ಕೈ ಕೀವುಗಟ್ಟಿತಂತೆ, ಅದಕ್ಕೇ ಈ ಹುಕುಂ ಅಂತೆ. ಇರಬಹುದು, ತಪ್ಪು ತಪ್ಪೇ. ಹಾಗಾದರೆ ಸೂಜಿ ಕಾಯಿಸುವುದನ್ನು ಕಲಿಸಿ, ಪರೀಕ್ಷೆ ಮಾಡಿ, ತಪ್ಪಿದವಳನ್ನು ಮನೆಗೆ ಕಳಿಸಿ. ಅದು ಬಿಟ್ಟು ಎಲ್ಲರ ಕೈ ಕಟ್ಟಿಹಾಕುವುದು ಯಾವ ಊರಿನ ಜಾಣತನ? ಸಹಾಯಕಿಯರು ಬೇಡವೇ ಬೇಡವೆಂದರೆ ಭಾಲ್ಕಿಗೊಬ್ಬರು, ಔರಾದಿಗೊಬ್ಬರು ಲೇಡಿ ಡಾಕ್ಟರರನ್ನು ಕೊಡಿ. ಬೀದರಿನ ತನಕ ಬಂದು ಹಾರ ಹಾಕಿ ಕರೆತರುತ್ತೇನೆ. ಕೊಡಲಾರಿರಿ, ನನಗೂ ಗೊತ್ತು, ತಮಗೂ ಗೊತ್ತು.

ಆದ್ದರಿಂದ, ಕಲಿತ ಸಹಾಯಕಿಯರು ರಕ್ತ ತೆಗೆಯಬಹುದೆಂದು ಈ ವಾರವೇ ಹುಕುಂ ಹೊರಡಿಸಿ. ಮುಂದಿನ ಮೀಟಿಂಗಿಗೆ ಇಡಬೇಡಿ. ಕುಬರಾಳಿಗೂ ಚಳಿಜ್ವರ ಹತ್ತಿದೆ. ಆ ಮನೆಯಲ್ಲಿ ಈಗ ಅವಳೊಬ್ಬಳೇ. ಪುತಳಾಬಾಯಿಗಾದರೆ ಅಗಳಿ ತೆಗೆದಾಳು. ನಿನ್ನೆ ಡಾಕ್ಟರರು ಬಂದರೆ ತೆಗೆಯಲಿಲ್ಲ. ಕ್ವಿನೈನಾದರೂ ಕೊಡಿ ಎಂದರೆ, ನೋಡದೆ ಕೊಡುವಂತಿಲ್ಲ ಎಂದರು. "ನನಗೇನೂ ಆಗಿಲ್ರಿ, ಹೋಗ್ರಿ" ಎಂದು ಕದದ ಹಿಂದಿನಿಂದ ಕೂಗಿದಳು. ಅವಳ ಹಲ್ಲು ಕಟಕಟ ಎನ್ನುವುದು ಓಣಿಗೆ ಕೇಳುತ್ತಿತ್ತು.

ಇಂತಿ,
ಖತೀಜಾಳ ಹೆಣಕ್ಕೆ ಹೊದಿಸುವ ಕಫನಿಗೆ ಬಟ್ಟೆ ಹರಿದುಕೊಟ್ಟು, ಇನ್ನೊಂದು ಹರಿಯಲೊಲ್ಲದ ಅರಿವೆ ಅಂಗಡಿಯವ,
ಶಿವರಾಜಪ್ಪ, ಭಾಲ್ಕಿ